ಸುಣ್ಣದ ಗೆರೆಯಾಚೆ ಬಿದ್ದ ಜಾವೆಲಿನ್

ನವೆಂಬರ್ 3, ಸೋಮವಾರ

ಸಮಸ್ತ ನಾಗರಿಕರ ಗಮನಕ್ಕೆ ತರಲೇಬೇಕಾದ ಐತಿಹಾಸಿಕ ಸಂಗತಿಯೊಂದು ಇಂದು ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಗುಬ್ಬಿ ಪಟ್ಟಣದಲ್ಲಿ ನಡೆಯಿತು: ನಾನು ನನ್ನ ವಿಷಲ್ಲಿನ ದಾರ ಬದಲಾಯಿಸಿದೆ. ಹದಿನಾಲ್ಕು ವರ್ಷ ನನ್ನ ಬೆವರು ಕುಡಿದು ಕಪ್ಪಗಾಗಿದ್ದ ಹಳೆಯ ದಾರವನ್ನು ಸಕಲ ಗೌರವಗಳೊಂದಿಗೆ ಕಸದ ಬುಟ್ಟಿಗೆ ಬೀಳ್ಕೊಡಲಾಯಿತು. ಸಮಾರಂಭ ಇರಲಿಲ್ಲ, ಯಾರೂ ಭಾಷಣ ಮಾಡಲಿಲ್ಲ. ಈ ತಿಂಗಳಲ್ಲಿ ಭಾಷಣವಿಲ್ಲದೆ ನಡೆದ ಕೊನೆಯ ಘಟನೆ ಇದೇ ಎಂದು ಕಾಣುತ್ತದೆ. ಏಕೆಂದರೆ ಹನ್ನೊಂದು ಗಂಟೆಗೆ ಶಾಲೆಗೆ ಶಿವರಾಜ್ ಬಂದರು.

ಶಿವರಾಜ್ ಎಂದರೆ ಕೊಬ್ಬರಿ ಮಂಡಿಯ ಮಾಲೀಕರು, ಮೂರು ಸಂಘಗಳ ಅಧ್ಯಕ್ಷರು, ನಾಲ್ಕನೆಯದಕ್ಕೆ ಜಾಗ ಹುಡುಕುತ್ತಿರುವವರು. ಕೈಯಲ್ಲಿ ಸ್ವೀಟ್ ಬಾಕ್ಸ್ ಇತ್ತು.

“ಮೇಷ್ಟ್ರೇ, ಎದ್ದೇಳಿ. ನಿಮ್ ಶಿಷ್ಯ ಫಾರಿನ್ನಿಗೆ ಹೊರಟವ್ನೆ. ಇಂಡಿಯಾ ಟೀಮು.”

“ಯಾವ ಶಿಷ್ಯ?”

“ಭಾನುಪ್ರಕಾಶ್ ಕಣ್ರೀ, ಜಾವೆಲಿನ್ನು. ಇದೇ ಸ್ಕೂಲಲ್ವಾ ಓದಿದ್ದು? ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್ಪು. ಹದಿನಾರಕ್ಕೆ ಫೈನಲ್ಲು, ಇಪ್ಪತ್ತೆರಡಕ್ಕೆ ತುಮಕೂರಲ್ಲಿ ಸನ್ಮಾನ. ಹಾಲ್ ಬುಕ್ ಮಾಡ್ಬುಟ್ಟೆ.”

ಎಸೆಯುವುದಕ್ಕೆ ಮುಂಚೆಯೇ ಸನ್ಮಾನದ ಹಾಲ್ ಬುಕ್ ಆಗಿದೆ. ಇದು ನಮ್ಮ ಜಿಲ್ಲೆಯ ವೇಗ.

ಭಾನುಪ್ರಕಾಶ್ ಕುಣಿಗಲ್ ಕಡೆಯ ಹುಡುಗ. ಗುಬ್ಬಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಎಂಟರಿಂದ ಹತ್ತರವರೆಗೆ ನಮ್ಮ ಶಾಲೆಯಲ್ಲಿ ಓದಿದ. ಅವನು ಹತ್ತನೇ ತರಗತಿಯಲ್ಲಿದ್ದು ಹನ್ನೊಂದು ವರ್ಷವಾಯಿತು. ಆಗಲೂ ಇಲ್ಲಿನ ದೈಹಿಕ ಶಿಕ್ಷಕ ನಾನೇ, ಈಗಲೂ ನಾನೇ.

“ಹಂಗಾದ್ರೆ ಅವನ ಮೊದಲ ಗುರು ನೀವೇ ತಾನೆ?” ಎಂದು ಶಿವರಾಜ್ ಕೇಳಿದರು.

ಆ ಕ್ಷಣ ನನ್ನ ಬಾಯಲ್ಲಿ ಒಂದಿಡೀ ಜಹಾಂಗೀರ್ ಇತ್ತು. ತಲೆಯಾಡಿಸಿದೆ. ಬಾಯಿ ತುಂಬಿದ ಮನುಷ್ಯ ತಲೆಯಾಡಿಸಿದ್ದು ರುಚಿಗೋ ಪ್ರಶ್ನೆಗೋ ಎಂಬುದನ್ನು ಯಾವ ನ್ಯಾಯಾಲಯವೂ ತೀರ್ಮಾನಿಸಲಾರದು. ಶಿವರಾಜ್ ತೀರ್ಮಾನಿಸಿಕೊಂಡು ಹೋದರು.

ಜಹಾಂಗೀರ್ ಹಳೆಯ ಎಣ್ಣೆಯದು. ಸಂಜೆಯವರೆಗೂ ನಾಲಿಗೆಯ ಮೇಲೆ ಜಿಡ್ಡು ಹಾಗೇ ಇದೆ.

ನವೆಂಬರ್ 5, ಬುಧವಾರ

ಎರಡು ದಿನಗಳಲ್ಲಿ ಗುಬ್ಬಿಯ ಎಲ್ಲರೂ ಜಾವೆಲಿನ್ ತಜ್ಞರಾಗಿದ್ದಾರೆ. ಕ್ಷೌರದಂಗಡಿಯವನು ನನ್ನ ಕಿವಿಯ ಹತ್ತಿರ ಕತ್ತಿ ಹಿಡಿದು, “ಮೂವತ್ತೈದು ಡಿಗ್ರೀಲಿ ಬಿಟ್ರೆ ಗಾಳಿ ತಾನೇ ಎತ್ಕೊಂಡ್ ಹೋಯ್ತದೆ ಸಾ” ಎಂದು ವಿವರಿಸಿದ. ಹೋದ ವಾರದವರೆಗೆ ಇವನಿಗೆ ಗೊತ್ತಿದ್ದ ಏಕೈಕ ಡಿಗ್ರಿ ಬಿ.ಎ. ಹೋಟೆಲಿನಲ್ಲಿ ಇಬ್ಬರು ಎಲ್‌ಐಸಿ ಏಜೆಂಟರು ಒಬ್ಬರಿಗೊಬ್ಬರು ಭುಜ ತಿರುಗಿಸಿ ತೋರಿಸುತ್ತಿದ್ದರು, ಸಾಂಬಾರು ನನ್ನ ಅಂಗಿಯ ಮೇಲೆ ಬಿತ್ತು. ಇವರೆಲ್ಲರ ಮಕ್ಕಳನ್ನು ಆಟದ ಪೀರಿಯಡ್ಡಿನಲ್ಲಿ ಗಣಿತದವರು ಎಳೆದುಕೊಂಡು ಹೋಗುವಾಗ ‘ಒಳ್ಳೇದೇ ಆಯ್ತು ಬುಡಿ’ ಎಂದ ಮಹನೀಯರೇ ಇವರು. ನೋಡಿದರೆ ಹೇಸಿಗೆಯಾಗುತ್ತದೆ.

ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಬಂದಿದೆ. ಎಡಕ್ಕೆ ಭಾನುಪ್ರಕಾಶ್, ಅಂಗೈಯಗಲ. ನಡುವೆ ಶಿವರಾಜ್, ಆಳೆತ್ತರ. ಬಲಕ್ಕೆ ನಾನು. ಕೆಳಗೆ ಹಳದಿ ಅಕ್ಷರದಲ್ಲಿ ‘ಈಟಿ ವೀರನ ಮೊದಲ ಗುರು ಶ್ರೀ ಗೋವಿಂದರಾಜು’. ನನ್ನ ಮುಖವನ್ನು ಬಿಳಿಚಿಸಿ, ತುಟಿಗೆ ಬಣ್ಣ ಕೊಟ್ಟು, ತಾಂಬೂಲ ಹಾಕಿಕೊಂಡ ಹೆಣದಂತೆ ಮಾಡಿದ್ದಾರೆ.

ಶಕುಂತಲಾ ತರಕಾರಿ ಚೀಲ ಕೆಳಗಿಟ್ಟು ಅದನ್ನು ಬಹಳ ಹೊತ್ತು ನೋಡಿದಳು.

“ಮದುವೇಲೂ ಇಷ್ಟು ಹಲ್ಲು ಬಿಟ್ಟಿರ್ಲಿಲ್ಲ ನೀವು,” ಎಂದಳು. ಸ್ವಲ್ಪ ದೂರ ನಡೆದ ಮೇಲೆ, “ಅಲ್ಲಾ, ಜಾವೆಲಿನ್ ಕಲಿಸಿದ್ದು ನಂಗೊಂದಿನಾನೂ ಹೇಳ್ಲಿಲ್ವಲ್ಲ?” ಎಂದು ಕೇಳಿದಳು.

ಮೂಲಂಗಿ ಬಾಡಿದೆ, ಈ ಅಂಗಡಿಯವನು ದಿನಾ ಮೋಸ ಮಾಡುತ್ತಾನೆ ಎಂದೆ.

ನವೆಂಬರ್ 7, ಶುಕ್ರವಾರ

ಶಿವರಾಜ್ ಆಜ್ಞೆ: ಕುಣಿಗಲ್‌ಗೆ ಹೋಗಿ ಹುಡುಗನ ತಾಯಿಯನ್ನು ಸಭೆಗೆ ಕರೆಯಬೇಕು, ಸ್ಮರಣ ಸಂಚಿಕೆಗೆ ಅವನ ಬಾಲ್ಯದ ಫೋಟೋ ತರಬೇಕು. ರಜೆ ಹಾಕಿ ತುಮಕೂರಿಗೆ ಹೋಗಿ ಕುಣಿಗಲ್ ಬಸ್ ಹತ್ತಿದೆ. ಪಕ್ಕದವನು ಕಡಲೆಕಾಯಿ ಸಿಪ್ಪೆಯನ್ನೆಲ್ಲ ನನ್ನ ಚಪ್ಪಲಿಯ ಮೇಲೆ ಉದುರಿಸಿದ. ಹಿಂದಿನವಳು ಮಗುವಿಗೆ ನನ್ನ ಭುಜದ ಮೇಲೆಯೇ ವಾಂತಿ ಮಾಡಿಸುವ ಸಿದ್ಧತೆಯಲ್ಲಿದ್ದಳು. ನಾನು ಕರ್ಚೀಫು ಮೂಗಿಗೆ ಹಿಡಿದು ಮಾನವಕುಲದ ಬಗ್ಗೆ ಯೋಚಿಸುತ್ತಿದ್ದೆ.

“ಎಲ್ಲಿಗೆ ಸರ್?”

ಕಂಡಕ್ಟರು ಹೆಂಗಸು. ಖಾಕಿ ಅಂಗಿ, ಕಿವಿಯ ಹಿಂದೆ ಪೆನ್ನು. ತಲೆ ಎತ್ತಿದೆ. ಪ್ರಮೀಳಾ.

ಪ್ರಮೀಳಾ ನಮ್ಮ ಶಾಲೆಯಲ್ಲಿ ಎಂಟು ತಿಂಗಳು ಅತಿಥಿ ಶಿಕ್ಷಕಿಯಾಗಿದ್ದವರು. ಆಟದ ವಿಷಯಕ್ಕೇ, ನನ್ನ ಕೈಕೆಳಗೆ. ಹನ್ನೊಂದು ವರ್ಷದ ಹಿಂದೆ.

“ಕುಣಿಗಲ್,” ಎಂದೆ.

“ಚೆನ್ನಾಗಿದೀರಾ ಸರ್? ಫ್ಲೆಕ್ಸಲ್ಲಿ ನೋಡ್ದೆ. ಕೆಂಪಗಾಗ್ಬಿಟ್ಟಿದೀರಾ.”

“ಅದು ಪ್ರಿಂಟಿಂಗ್ ದೋಷ.”

ಆಕೆ ನಗಲಿಲ್ಲ, ಟಿಕೆಟ್ ಹರಿದುಕೊಟ್ಟು ಮುಂದೆ ಹೋದರು. ಬಸ್ಸು ಊರು ದಾಟಿ ಸ್ವಲ್ಪ ಖಾಲಿಯಾದ ಮೇಲೆ ಬಂದು ಕಂಬಿಗೆ ಒರಗಿ ನಿಂತರು.

“ಸರ್, ಒಂದ್ ಸಹಾಯ ಕೇಳ್ಬೇಕಿತ್ತು. ತುಮಕೂರಿನ ಕ್ರೀಡಾ ಹಾಸ್ಟೆಲಲ್ಲಿ ಕೋಚ್ ಪೋಸ್ಟಿದೆ. ಥ್ರೋಸ್‌ಗೆ, ಎಸೆಯೋ ಆಟಗಳಿಗೆ. ನನ್ ವಯಸ್ಸಿಗೆ ಇದೇ ಕೊನೇ ಚಾನ್ಸು. ಇಂಟರ್‌ನ್ಯಾಷನಲ್ ಆಡಿರೋರ್ಗೆ ಮೊದಲು ತರಬೇತಿ ಕೊಟ್ಟಿದ್ರೆ ಸೆಲೆಕ್ಷನ್ ಹೆಚ್ಚುಕಮ್ಮಿ ಗ್ಯಾರಂಟಿ ಅಂತೆ. ಆದ್ರೆ ಆಗ ಸ್ಕೂಲಲ್ಲಿದ್ದೋರು ಬರ್ಕೊಡ್ಬೇಕು. ಹೆಡ್‌ಮಾಸ್ಟ್ರು ತೀರ್ಕೊಂಡ್ರು. ಇನ್ನುಳಿದೋರು ನೀವೊಬ್ರೇ.”

“ಏನಂತ ಬರೀಬೇಕು?”

“ಭಾನುಗೆ ಜಾವೆಲಿನ್ ಹೇಳ್ಕೊಟ್ಟಿದ್ದು ನಾನು ಅಂತ. ಒಂದೇ ಸಾಲು. ಇಪ್ಪತ್ತನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ಲಾಸ್ಟು.”

ನೋಡೋಣ ಎಂದೆ. ಆಕೆ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದು ಕೊಟ್ಟರು. ಅಂಗಿಯ ಜೇಬಿಗೆ ಹಾಕಿಕೊಂಡೆ.

ಭಾನುವಿನ ತಾಯಿ ದೊಡ್ಡಗಂಗಮ್ಮ ಹಟ್ಟಿಯ ಮುಂದೆ ರಾಗಿ ಕೇರುತ್ತಿದ್ದರು. ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ಮೇಲೆ ಒಂದು ಇರುವೆ ತೇಲುತ್ತಿತ್ತು.

“ಸಭೆಗೆ ಬತ್ತೀನಿ ಬುಡಿ ಸ್ವಾಮಿ. ಆ ಟೀಚರಮ್ಮನೂ ಬತ್ತಾರಾ?”

“ಯಾವ ಟೀಚರಮ್ಮ?”

“ಅದೇ, ಪ್ರಮೀಳಮ್ಮ. ಇಸ್ಕೂಲು ಬುಟ್ಮೇಕೂ ಭಾನ್ವಾರ ಭಾನ್ವಾರ ನಮ್ ಹೈದನ್ನ ತುಮಕೂರ್ಗೆ ಕರ್ಕಂಡೋಗಿ ಎಸಿಸ್ತಿದ್ರಲ್ಲ. ಬಿದ್ರಲ್ಲೇ ಈಟಿ ಮಾಡ್ಕೊಟ್ಟಿದ್ರು. ಅವ್ರು ಬರ್ದಿದ್ರೆ ನನ್ ಮಗ ಬೇಜಾರ್ ಮಾಡ್ಕತಾನೆ.”

ಹೇಳಿಕಳಿಸುತ್ತೇವೆ ಎಂದೆ. ಫೋಟೋ ಕೊಟ್ಟರು. ಹುಡುಗ ಬಿದಿರಿನ ಈಟಿ ಹಿಡಿದು ನಿಂತಿದ್ದಾನೆ. ಪಕ್ಕದಲ್ಲಿ ಯಾರದೋ ಸೀರೆಯ ಅಂಚು ಕಾಣುತ್ತದೆ, ಉಳಿದದ್ದು ಫೋಟೋದಲ್ಲಿಲ್ಲ.

ಇರುವೆಯನ್ನು ಬೆರಳಲ್ಲಿ ತೆಗೆದು ಮಜ್ಜಿಗೆ ಕುಡಿದೆ. ಇಡೀ ದಿನವೇ ವಾಕರಿಕೆ ಬರುವಂಥದ್ದು.

ನವೆಂಬರ್ 8, ಶನಿವಾರ

ಒಂದು ವಿಷಯವನ್ನು ಇಲ್ಲಿ ನಿಯಮಾನುಸಾರ ದಾಖಲಿಸುತ್ತೇನೆ. ಯಾರೂ ಕೇಳಿಲ್ಲ. ಆದರೂ.

ಹನ್ನೊಂದು ವರ್ಷದ ಹಿಂದೆ ತಾಲ್ಲೂಕು ಕ್ರೀಡಾಕೂಟ ನಮ್ಮ ಶಾಲೆಯ ಮೈದಾನದಲ್ಲಿ ನಡೆಯಿತು. ಜಾವೆಲಿನ್ ವಿಭಾಗಕ್ಕೆ ಮುಖ್ಯ ತೀರ್ಪುಗಾರ ನಾನು. ಈಟಿ ಬೀಳಬೇಕಾದ ಜಾಗಕ್ಕೆ, ಅಂದರೆ ಸೆಕ್ಟರಿಗೆ, ಎರಡೂ ಕಡೆ ಸುಣ್ಣದ ಗೆರೆ ಎಳೆಯಬೇಕು, ಗೆರೆಗಳ ನಡುವೆ ಬಿದ್ದರೆ ಎಸೆತ, ಹೊರಗೆ ಬಿದ್ದರೆ ಫೌಲ್. ಗುಬ್ಬಿ ತಾಲ್ಲೂಕಿನಲ್ಲಿ ಅಂದಿನವರೆಗೆ ಯಾವ ಹುಡುಗನೂ ಮೂವತ್ತೈದು ಮೀಟರ್ ದಾಟಿಸಿರಲಿಲ್ಲ. ಶಾಲೆಯ ಟೇಪು ಮೂವತ್ತು ಮೀಟರಿನದು, ಅದಕ್ಕೆ ಹತ್ತು ಮೀಟರ್ ಹಗ್ಗ ಗಂಟು ಹಾಕಿದ್ದೆವು. ಸುಣ್ಣವೂ ಅಷ್ಟೇ ಇತ್ತು. ಹೀಗಾಗಿ ಗೆರೆಯನ್ನು ನಲವತ್ತಕ್ಕೆ ನಿಲ್ಲಿಸಿದೆ. ಇದು ದೂರದೃಷ್ಟಿಯ ಕೊರತೆಯಲ್ಲ, ಸುಣ್ಣದ ಕೊರತೆ.

ಭಾನುಪ್ರಕಾಶ್ ಎಸೆದ. ಈಟಿ ಗೆರೆ ಮುಗಿದಲ್ಲಿ ಇಳಿಯಲಿಲ್ಲ. ಮೈದಾನದ ಬೇಲಿಯನ್ನೂ ದಾಟಿ, ಪಕ್ಕದ ಮುದ್ದಯ್ಯನವರು ಕೊಬ್ಬರಿ ಒಣಹಾಕಿದ್ದ ಕಣದ ನಡುವೆ ನೆಟ್ಟಗೆ ನಾಟಿಕೊಂಡಿತು. ಮುದ್ದಯ್ಯ ಬಯ್ಯತೊಡಗಿದರು. ಅತಿಥಿಗಳು ಊಟಕ್ಕೆ ಎದ್ದಿದ್ದರು. ಅಳೆಯಲು ಟೇಪು ಸಾಲದು. ನಾನು ಕೆಂಪು ಬಾವುಟ ಎತ್ತಿದೆ.

ಪ್ರಮೀಳಾ ಓಡಿಬಂದರು. “ಸುಣ್ಣ ಮುಗಿದಿದೆ ಸರ್, ಸೆಕ್ಟರ್ ಮುಗಿದಿಲ್ಲ. ಗೆರೆ ನೇರಕ್ಕೆ ದಾರ ಹಿಡಿದು ನೋಡಿ, ನಡುವೆನೇ ಬಿದ್ದಿದೆ,” ಎಂದರು. ಎಲ್ಲರ ಎದುರು. ಊಟದ ತಟ್ಟೆ ಹಿಡಿದ ಅತಿಥಿಗಳ ಎದುರು.

ಹುಡುಗ ಜಿಲ್ಲಾಮಟ್ಟಕ್ಕೆ ಹೋಗಲಿಲ್ಲ. ‘ಹಿರಿಯ ಸಿಬ್ಬಂದಿಯೊಂದಿಗೆ ಅನುಚಿತ ವರ್ತನೆ’ ಎಂದು ಶಾಲೆಯಿಂದ ಒಂದು ವರದಿ ಹೋಯಿತು. ಪ್ರಮೀಳಾ ಅವರನ್ನು ಮತ್ತೆ ನೇಮಿಸಿಕೊಳ್ಳಲಿಲ್ಲ. ಆ ವರದಿಯಲ್ಲಿ ನನ್ನದು ಎರಡನೇ ಸಹಿ ಮಾತ್ರ.

ನಿಯಮದ ಪ್ರಕಾರ ತೀರ್ಪುಗಾರನ ನಿರ್ಧಾರವೇ ಅಂತಿಮ. ದಾಖಲಾತಿ ಮುಗಿಯಿತು.

ನವೆಂಬರ್ 10, ಸೋಮವಾರ

ಅಜೀರ್ಣ.

ನವೆಂಬರ್ 12, ಬುಧವಾರ

ತುಮಕೂರಿನಲ್ಲಿ ಸನ್ಮಾನದ ರಿಹರ್ಸಲ್. ಹೌದು, ರಿಹರ್ಸಲ್. ಹಾರ ಹಾಕುವವರು, ಹಾರ ಹಾಕುವುದನ್ನು ಫೋಟೋ ತೆಗೆಯುವವರು, ಫೋಟೋಗೆ ಅಡ್ಡ ಬರುವವರು, ಎಲ್ಲರೂ ತಮ್ಮ ತಮ್ಮ ಜಾಗ ಅಭ್ಯಾಸ ಮಾಡಿದರು. ನನಗೆ ಮೈಸೂರು ಪೇಟ ಇಟ್ಟು ಅಳತೆ ನೋಡಿದರು. ಅದು ಹಿಂದೆ ಯಾರ ತಲೆಯ ಮೇಲೆ ಕೂತಿತ್ತೋ, ಒಳಗೆಲ್ಲ ಹರಳೆಣ್ಣೆಯ ವಾಸನೆ. ಮನೆಗೆ ಬಂದು ಮೂರು ಸಲ ತಲೆ ತೊಳೆದರೂ ಹೋಗಲಿಲ್ಲ.

ಸ್ಮರಣ ಸಂಚಿಕೆಗೆಂದು ಶಿವರಾಜ್ ಮೊಬೈಲ್ ಮುಂದಿಟ್ಟು ರೆಕಾರ್ಡ್ ಒತ್ತಿದರು. “ಮೇಷ್ಟ್ರೇ, ಫಸ್ಟ್ ಟೈಮ್ ಅವನ ಕೈಗೆ ಜಾವೆಲಿನ್ ಕೊಟ್ರಲ್ಲ, ಆ ದಿನ ಹೆಂಗಿತ್ತು? ಒಸಿ ಕಣ್ಣೀರು ಬರೋ ಹಂಗೆ ಹೇಳಿ.”

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಈ ಸಲ ಬಾಯಲ್ಲಿ ಜಹಾಂಗೀರ್ ಇರಲಿಲ್ಲ. ಆದರೂ ಹೊರಗೆ ಬಂದದ್ದು ಇದು: “ಮಂಜು ಮುಸುಕಿದ ಒಂದು ಮುಂಜಾನೆ. ಬರಿಗಾಲಿನ ಒಬ್ಬ ಹುಡುಗ. ಅವನ ಕಣ್ಣಿನಲ್ಲಿ ನಾನು ಅದೇನೋ ಕಿಡಿ ಕಂಡೆ.” ಹನ್ನೆರಡು ನಿಮಿಷ ಹೇಳಿದೆ. ಶಾಲೆಯ ಒಂದೇ ಒಂದು ಜಾವೆಲಿನ್ ಮುರಿದೀತೆಂದು ಬೀರುವಿನಲ್ಲಿ ಬೀಗ ಹಾಕಿಟ್ಟು, ‘ಹೋಗಿ ಕಬಡ್ಡಿ ಆಡ್ರೋ’ ಎಂದು ಓಡಿಸುತ್ತಿದ್ದವನ ಬಾಯಿಂದ ಇಷ್ಟು ನಿರರ್ಗಳವಾಗಿ ಮಂಜು, ಕಿಡಿ ಎಲ್ಲ ಹರಿದದ್ದು ಕಂಡು ನನಗೇ ಅಚ್ಚರಿ. ಶಿವರಾಜ್ ಕಣ್ಣೊರೆಸಿಕೊಂಡರು. ಅವರು ಕಣ್ಣೊರೆಸಿಕೊಳ್ಳುವ ರೀತಿಯೇ ಅಸಹ್ಯ, ಒಂದೇ ಬೆರಳಲ್ಲಿ.

ನವೆಂಬರ್ 14, ಶುಕ್ರವಾರ

ಸಂಜೆ ಉದ್ದದ ನಂಬರಿನಿಂದ ಫೋನ್ ಬಂತು.

“ಸರ್, ನಾನು ಭಾನು. ಕ್ವಾಲಿಫೈ ಆದೆ ಸರ್. ಫೈನಲ್ಲಿಗೆ.”

“ಸಂತೋಷಪ್ಪಾ. ಊಟ ಹೆಂಗಿದೆ ಅಲ್ಲಿ?”

“ಎಲ್ಲಾ ಬೇಯಿಸಿದ್ದು ಸರ್, ಖಾರನೇ ಇಲ್ಲ.” ಆಮೇಲೆ ಅವನೇ ಹೇಳಿದ: “ಶಿವರಾಜಣ್ಣ ಫೋನ್ ಮಾಡಿದ್ರು. ಮೊದಲ ಗುರು ಅಂತ ನಿಮ್ ಹೆಸ್ರು ಹಾಕಿದಾರಂತೆ.”

“ಅವರೇ ಹಾಕ್ಕೊಂಡಿದ್ದು ಕಣಯ್ಯ.”

“ಇರ್ಲಿ ಸರ್. ನಾನೇನೂ ಹೇಳ್ಲಿಲ್ಲ.”

ಬಯ್ದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಇವನು ಬಯ್ಯಲಿಲ್ಲ.

“ಸರ್, ಪ್ರಮೀಳಾ ಮೇಡಂ ನಂಬರ್ ಇದ್ಯಾ ನಿಮ್ಮತ್ರ? ಹಳೇದು ಹೋಗ್ತಾ ಇಲ್ಲ. ಫೈನಲ್ಲಿಗೆ ಮುಂಚೆ ಒಂದ್ ಮಾತಾಡ್ಬೇಕಿತ್ತು.”

ಚೀಟಿ ನನ್ನ ಜೇಬಿನಲ್ಲಿತ್ತು. ಅದರ ಮೇಲೆ ನನ್ನ ಕೈಯೂ ಇತ್ತು.

“ಇಲ್ಲವಲ್ಲಪ್ಪಾ,” ಎಂದೆ.

ಇವತ್ತಿನ ಬಗ್ಗೆ ಇನ್ನೇನೂ ಬರೆಯುವುದಿಲ್ಲ. ಪೆನ್ನು ಸರಿಯಿಲ್ಲ, ಶಾಯಿ ಕೈಗೆ ಅಂಟುತ್ತಿದೆ.

ನವೆಂಬರ್ 16, ಭಾನುವಾರ

ಅಲ್ಲಿ ಸಂಜೆ ಏಳು, ಇಲ್ಲಿ ಮಧ್ಯಾಹ್ನ ಮೂರೂವರೆ. ತುಮಕೂರಿನ ಹಾಲಿನಲ್ಲಿ ದೊಡ್ಡ ಪರದೆ ಹಾಕಿದ್ದರು. ಇನ್ನೂರು ಜನ, ಒಂದೂವರೆ ಫ್ಯಾನು. ಪಲಾವ್ ಪೊಟ್ಟಣಗಳು ಬೆವರಿ ಕುರ್ಚಿಯ ಕೆಳಗೆ ಹುಳಿಯುತ್ತಿದ್ದವು. ನನ್ನನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರು. ಸೋಫಾದ ಪ್ಲಾಸ್ಟಿಕ್ಕು ಅಂಗಿಗೆ ಅಂಟಿಕೊಂಡಿತು.

ಹನ್ನೆರಡು ಜನ ಎಸೆಯುವವರು. ಮೂರು ಎಸೆತವಾದ ಮೇಲೆ ಎಂಟು ಜನ ಮಾತ್ರ ಉಳಿಯುತ್ತಾರೆ, ಅವರಿಗೆ ಇನ್ನು ಮೂರು. ಭಾನು ಮೊದಲನೆಯದು ಎಪ್ಪತ್ತಾರು, ಎರಡನೆಯದು ಫೌಲ್, ಮೂರನೆಯದು ಎಂಬತ್ತು ಪಾಯಿಂಟ್ ನಾಲ್ಕು ಒಂದು. ಎಂಟನೆಯವನಾಗಿ ಉಳಿದುಕೊಂಡ. ಇನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟರು, ಎಲ್ಲವೂ ಪಲಾವ್ ವಾಸನೆ.

ನಾಲ್ಕನೆಯದರಿಂದ ಸ್ಥಾನವೇನೂ ಬದಲಾಗಲಿಲ್ಲ. ಐದನೆಯದು. ಅವನು ಓಡಿಬಂದ ರೀತಿ ನೋಡಿದಾಗಲೇ ನನಗೆ ಗೊತ್ತಾಯಿತು. ಎಡಗಾಲು ಗೂಟದ ಹಾಗೆ ನಾಟಿ ನಿಂತಿತು, ಭುಜ ಕೊನೆಯಲ್ಲಿ ಬಂತು, ಕೈ ಅದಕ್ಕೂ ಕೊನೆಯಲ್ಲಿ. ಇದನ್ನು ಯಾವ ಪುಸ್ತಕದಿಂದಲೂ ಕಲಿಯಲಾಗದು, ಯಾರೋ ಭಾನುವಾರ ಭಾನುವಾರ ಪಕ್ಕದಲ್ಲಿ ನಿಂತು ನೂರು ಸಲ, ಇನ್ನೂರು ಸಲ ತಿದ್ದಿರಬೇಕು. ಈಟಿ ಎದ್ದಿತು. ಎಂಬತ್ತೈದರ ಗೆರೆಯನ್ನು ದಾಟಿ ಬಿತ್ತು. ಹಾಲಿನಲ್ಲಿ ಕುರ್ಚಿಗಳು ಉರುಳಿದವು. ಶಿವರಾಜ್ ನನ್ನನ್ನು ತಬ್ಬಿಕೊಂಡರು.

ಆಮೇಲೆ ಪರದೆಯಲ್ಲಿ ಕೆಂಪು ಬಾವುಟ ಕಾಣಿಸಿತು.

“ಮೋಸ ಕಣ್ರಲಾ,” ಎಂದು ಹಿಂದಿನಿಂದ ಒಬ್ಬ ಕೂಗಿದ. “ಇಂಡಿಯಾದೋನು ಅಂತ ಫೌಲ್ ಕೊಟ್ಟವ್ರೆ. ಆ ಬಾವುಟದೋನಿಗೆ ಕಣ್ ಇಂಗೋಯ್ತಾ?” ಮತ್ತೊಬ್ಬ ಆ ತೀರ್ಪುಗಾರನ ತಾಯಿಯನ್ನು ಪ್ರಸ್ತಾಪಿಸಿದ.

ನಿಧಾನಗತಿಯಲ್ಲಿ ಮತ್ತೊಮ್ಮೆ ತೋರಿಸಿದರು. ಎಸೆದ ಮೇಲೆ ಅವನ ಬೂಟಿನ ತುದಿ, ಓಟದ ಕೊನೆಯಲ್ಲಿ ಎಸೆಯುವವನು ಮುಟ್ಟಬಾರದ ಬಿಳಿ ಗೆರೆಯನ್ನು ಮುಟ್ಟಿತ್ತು. ಒಂದು ಬೆರಳಿನಷ್ಟು. ಮುಟ್ಟಿದ್ದು ಮುಟ್ಟಿದ್ದೇ.

“ಅದು ಸರಿಯಾದ ಫೌಲು,” ಎಂದೆ. ಜೋರಾಗಿಯೇ ಅಂದೆ ಎಂದು ಕಾಣುತ್ತದೆ, ಇಡೀ ಹಾಲ್ ನನ್ನ ಕಡೆ ತಿರುಗಿತು.

ಶಿವರಾಜ್ ತೋಳು ಬಿಟ್ಟರು. “ನೀವು ಯಾರ್ ಕಡೆ ಮೇಷ್ಟ್ರೇ?”

“ಆ ತೀರ್ಪುಗಾರ ಬಗ್ಗಿ ನೋಡಿ ಬಾವುಟ ಎತ್ತಿದಾನೆ ಕಣ್ರೀ. ನೋಡ್ದೆ ಎತ್ತಿಲ್ಲ.”

“ನೋಡ್ದೆ ಯಾರಾದ್ರೂ ಎತ್ತುತಾರೇನ್ರೀ?”

ಪರದೆಯ ಮೇಲೆ ಭಾನು ಬಾವುಟ ನೋಡಿದ, ತನ್ನ ಬೂಟು ನೋಡಿಕೊಂಡ, ತೀರ್ಪುಗಾರನ ಕಡೆ ತಲೆಯಾಡಿಸಿ ಹೋಗಿ ಕೂತ. ಅವನು ವಾದ ಮಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ಇವನು ಕೆಂಪು ಬಾವುಟವನ್ನು ಎದುರಿಸುವುದನ್ನು ನಾನು ನೋಡಿದ್ದು ಇದು ಎರಡನೇ ಸಲ. ಮೊದಲ ಸಲವೂ ಹೀಗೇ ಸುಮ್ಮನೆ ಹೋಗಿ ಬೇಲಿಯ ಹತ್ತಿರ ಕೂತಿದ್ದ. ಆಗ ಹದಿನಾರು ವರ್ಷ.

ಕೊನೆಯ ಎಸೆತ ಎಂಬತ್ತೊಂದು ಪಾಯಿಂಟ್ ಎರಡು ಆರು. ಆರನೇ ಸ್ಥಾನ.

ನವೆಂಬರ್ 17, ಸೋಮವಾರ

ಸನ್ಮಾನ ಸಮಿತಿಯನ್ನು ಬರಖಾಸ್ತು ಮಾಡಲಾಗಿದೆ. ಕಾರಣವನ್ನು ಶಿವರಾಜ್ ಫೋನಿನಲ್ಲಿಯೇ ಹೇಳಿದರು: “ಆರನೇ ಪ್ಲೇಸಿಗೆಲ್ಲ ಪೇಟ ಕಟ್ತಾ ಕೂತ್ರೆ ಪೇಟಕ್ಕೇನು ಬೆಲೆ ಉಳೀತದೆ ಮೇಷ್ಟ್ರೇ? ಬುಕ್ ಮಾಡಿರೋ ಹಾಲ್ ವೇಸ್ಟ್ ಆಗ್ಬಾರ್ದಲ್ಲ, ಟಿವಿಲಿ ಹಾಡಿ ಗೆದ್ದವ್ಳಲ್ಲ ನಮ್ ಕಡೆ ಮಗು, ಅದುಕ್ಕೆ ಮಾಡ್ತಾ ಇದೀವಿ. ನೀವೂ ಬನ್ನಿ. ಹಿಂದಿನ್ ಸಾಲಲ್ಲಿ ಕೂತ್ಕಬೋದು.”

ಜಗತ್ತಿನಲ್ಲಿ ಆರನೆಯವನು. ಕ್ಷೌರದಂಗಡಿಯವನು, “ಗಾಳಿ ಹಿಡೀಲಿಲ್ಲ ಸಾ” ಎಂದು ಷರಾ ಬರೆದು ಮತ್ತೆ ಕ್ರಿಕೆಟ್ಟಿಗೆ ಮರಳಿದ್ದಾನೆ. ಫ್ಲೆಕ್ಸು ಆಗಲೇ ಇಳಿದಿದೆ.

ಅಂದರೆ ನಾನು ಪಾರಾದೆ. ಸಭೆಯಿಲ್ಲ, ಸಂಚಿಕೆಯಿಲ್ಲ, ವೇದಿಕೆಯ ಮೇಲೆ ದೊಡ್ಡಗಂಗಮ್ಮ ‘ಟೀಚರಮ್ಮ ಎಲ್ಲಿ’ ಎಂದು ಕೇಳುವ ಪ್ರಸಂಗವಿಲ್ಲ. ಸಂಭ್ರಮಿಸಬೇಕು. ಎರಡು ಕಪ್ ಕಾಫಿ ಕುಡಿದೆ. ಎರಡೂ ಕಹಿ. ಹಾಲು ಸರಿಯಿಲ್ಲ ಎಂದು ಹಾಲಿನವನಿಗೆ ಬಯ್ದೆ. ಅದೇ ಹಾಲಿನಲ್ಲಿ ಶಕುಂತಲಾ ಕುಡಿದ ಕಾಫಿ ಚೆನ್ನಾಗಿಯೇ ಇತ್ತಂತೆ.

ನವೆಂಬರ್ 18, ಮಂಗಳವಾರ

ಬಟ್ಟೆ ಒಗೆಯಲು ಹಾಕುವಾಗ ಶಕುಂತಲಾ ಜೇಬು ನೋಡಿದಳು.

“ರೀ, ಪ್ರಮೀಳಾ ಅಂತ ನಂಬರಿದೆ. ಯಾರಿದು?”

ಐವತ್ತೆಂಟನೇ ವಯಸ್ಸಿನಲ್ಲಿ ಈ ಪ್ರಶ್ನೆ ಎದುರಾದಾಗ ಗಂಡಸಿಗೆ ಒಂದು ಕ್ಷಣ ಹೆಮ್ಮೆಯಾಗಬೇಕಂತೆ. ನನಗೆ ಆಗಲಿಲ್ಲ. ಹೇಳಿದೆ. ಸುಣ್ಣ, ಟೇಪು, ಮುದ್ದಯ್ಯನ ಕಣ, ವರದಿ, ಬಸ್ಸು, ಭಾನುವಿನ ಫೋನು. ಅವಳು ಒದ್ದೆ ಅಂಗಿ ಹಿಡಿದುಕೊಂಡೇ ಕೇಳಿದಳು. ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

“ಆ ವರದೀಲಿ ನಿಮ್ದು ಎರಡನೇ ಸೈನಾ?”

“ಹೂಂ.”

“ಮೊದಲನೇದು ಯಾರ್ದು?”

ನಾನು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದೆ.

“ಕೇಳಿದ್ದು, ಮೊದಲನೇದು ಯಾರ್ದು ಅಂತ.”

“ನಂದೇ,” ಎಂದೆ. “ಬರೆದಿದ್ದೂ ನಾನೇ. ಹೆಡ್‌ಮಾಸ್ಟ್ರು ಕೆಳಗೆ ಸೈನ್ ಹಾಕಿದ್ರು ಅಷ್ಟೇ.”

ಅವಳು ಅಂಗಿಯನ್ನು ಹಿಂಡಿ ಕೊಡವಿ ದಾರಕ್ಕೆ ಹಾಕಿದಳು. ಕ್ಲಿಪ್ ಸಿಕ್ಕಿಸಿದಳು. ಚೀಟಿಯನ್ನು ನನ್ನ ಮುಂದೆ ಜಗಲಿಯ ಮೇಲೆ ಇಟ್ಟು, ಹಾರದಿರಲೆಂದು ಮೇಲೊಂದು ಸೋಪು ಇಟ್ಟಳು.

“ಇಪ್ಪತ್ತೊಂಬತ್ತು ವರ್ಷದಿಂದ ಊರೋರನ್ನೆಲ್ಲ ಕಂಡು ಛೀ ಥೂ ಅಂತಾನೇ ಇದೀರಿ,” ಎಂದಳು. “ಯಾರ್ ಮೇಲೆ ಅಂತ ಇವತ್ತು ಗೊತ್ತಾಯ್ತು.”

ಆಮೇಲೆ ಮಾತಾಡಿಲ್ಲ. ಮಧ್ಯಾಹ್ನ ಊಟ ಬಡಿಸಿದಳು, ಉಪ್ಪಿನಕಾಯಿ ಬೇಕಾ ಎಂದು ಕೇಳಲಿಲ್ಲ.

ನವೆಂಬರ್ 19, ಬುಧವಾರ

ಬೆಳಿಗ್ಗೆಯಿಂದ ಪತ್ರ ಬರೆಯುತ್ತಿದ್ದೇನೆ. ಮೊದಲ ಪ್ರತಿಯಲ್ಲಿ ‘ನನ್ನ ಮಾರ್ಗದರ್ಶನದಲ್ಲಿ ಶ್ರೀಮತಿ ಪ್ರಮೀಳಾ ಅವರು’ ಎಂದು ಬಂತು. ಹರಿದೆ. ಎರಡನೆಯದರಲ್ಲಿ ‘ನಾವಿಬ್ಬರೂ ಸೇರಿ’ ಎಂದು ಬಂತು. ಆ ‘ನಾವಿಬ್ಬರೂ’ ನೋಡಿದರೆ ಮೊದಲಿನದಕ್ಕಿಂತ ಹೆಚ್ಚು ಅಸಹ್ಯವಾಯಿತು. ಅದನ್ನೂ ಹರಿದೆ. ಮೂರನೆಯದು ಹೀಗಿದೆ:

‘ಭಾನುಪ್ರಕಾಶ್ ಅವರಿಗೆ ಜಾವೆಲಿನ್ ಎಸೆತವನ್ನು ಮೊದಲು ಕಲಿಸಿದವರು ಶ್ರೀಮತಿ ಪ್ರಮೀಳಾ. ನಾನು ಕಲಿಸಿಲ್ಲ. ತಾಲ್ಲೂಕು ಕ್ರೀಡಾಕೂಟದಲ್ಲಿ ಆ ವಿದ್ಯಾರ್ಥಿಯ ಸರಿಯಾದ ಎಸೆತವನ್ನು, ಅಳೆಯಲು ಟೇಪು ಸಾಲದ ಕಾರಣ, ನಾನು ಫೌಲ್ ಎಂದು ಘೋಷಿಸಿದೆ. ಶ್ರೀಮತಿ ಪ್ರಮೀಳಾ ಅದನ್ನು ಪ್ರಶ್ನಿಸಿದ್ದು ನ್ಯಾಯವಾಗಿತ್ತು. ಅವರ ವಿರುದ್ಧದ ವರದಿಯನ್ನು ಬರೆದವನು ನಾನು. ಅದು ಸುಳ್ಳು.’

ಆಕೆ ಕೇಳಿದ್ದು ಒಂದೇ ಸಾಲು. ಮಿಕ್ಕವು ತಾವೇ ಬಂದವು. ಸಹಿ ಹಾಕಿ ಶಾಲೆಗೆ ಹೋಗಿ ಸೀಲು ಒತ್ತಿಸಿದೆ. ಈಗಿನ ಹೆಡ್‌ಮಿಸ್ಟ್ರೆಸ್ ಎರಡು ಸಲ ಓದಿ, ನನ್ನ ಮುಖ ನೋಡಿ ಸೀಲು ಕೊಟ್ಟರು.

ಮೊದಲು ಭಾನುವಿಗೆ ನಂಬರ್ ಕಳಿಸಿದೆ. ‘ಅವತ್ತೂ ಇತ್ತು’ ಎಂದೂ ಬರೆದೆ. ‘ಗೊತ್ತಿತ್ತು ಸರ್’ ಎಂದು ಉತ್ತರ ಬಂತು.

ಆಮೇಲೆ ಪ್ರಮೀಳಾ ಅವರಿಗೆ ಫೋನ್ ಮಾಡಿ ಪತ್ರವನ್ನು ಓದಿ ಹೇಳಿದೆ. ಆ ಕಡೆಯಿಂದ ಬಸ್ಸಿನ ಹಾರನ್ ಕೇಳಿಸುತ್ತಿತ್ತು.

“ಇಷ್ಟೆಲ್ಲ ಬೇಕಿರ್ಲಿಲ್ಲ ಸರ್,” ಎಂದರು.

“ಬೇಕಿತ್ತು.”

“ಆದ್ರೆ ಸರ್, ನಾಳೆ ಹನ್ನೆರಡಕ್ಕೆ ಲಾಸ್ಟು. ನಂಗೆ ಏಳಕ್ಕೆ ಗಾಡಿ ಹೊರಡುತ್ತೆ, ರಜ ಕೇಳ್ದೆ, ಕೊಡ್ಲಿಲ್ಲ. ವಾಪಸ್ ಬರೋದು ಒಂದು ಗಂಟೆ. ನೀವು ಬರ್ಕೊಡಲ್ಲ ಅಂತ ನಾನು ಆಸೆನೇ ಬಿಟ್ಟಿದ್ದೆ.”

“ಅರ್ಜಿ ಎಲ್ಲಾ ತುಂಬಿದೀರಾ?”

“ತುಂಬಿ ಚೀಲದಲ್ಲೇ ಇಟ್ಕೊಂಡಿದೀನಿ.”

“ಏಳಕ್ಕೆ ಮುಂಚೆ ತುಮಕೂರು ಬಸ್ ಸ್ಟ್ಯಾಂಡಿಗೆ ಬರ್ತೀನಿ. ಅರ್ಜಿ ನನ್ ಕೈಗೆ ಕೊಡಿ. ಪತ್ರ ಸೇರಿಸಿ ನಾನೇ ಕ್ಯೂ ನಿಂತು ಕೊಟ್ಟು ಬರ್ತೀನಿ. ರಸೀದಿ ಇಸ್ಕೊಂಡೇ ಬರ್ತೀನಿ.”

“ನಿಜವಾಗ್ಲೂ ಬರ್ತೀರಾ ಸರ್? ಹೋದ್ಸಲ ನೋಡೋಣ ಅಂದಿದ್ರಿ.”

“ಬರ್ತೀನಿ ಕಣಮ್ಮ.”

ಮನೆಯ ಹೊರಗೆ ಯಾರೋ ಬಾಳೆಹಣ್ಣಿನ ಸಿಪ್ಪೆ ಎಸೆದುಹೋಗಿದ್ದಾರೆ. ಎತ್ತಿ ಹಾಕಿದೆ. ಬಯ್ಯಬೇಕೆಂದು ನೆನಪಾಗಲಿಲ್ಲ.

ಈ ಪುಸ್ತಕವನ್ನು ನಾನೊಬ್ಬನೇ ಓದುತ್ತೇನೆ ಎಂಬ ಭ್ರಮೆ ನನಗಿಲ್ಲ. ಹಾಳೆಗಳ ನಡುವೆ ಒಗ್ಗರಣೆಯ ಸಾಸಿವೆ ಸಿಗುವುದುಂಟು. ಆದ್ದರಿಂದ ನನ್ನೊಡನೆ ಎರಡು ದಿನಗಳಿಂದ ಮಾತು ಬಿಟ್ಟಿರುವ ಓದುಗರಲ್ಲಿ ಒಂದು ವಿನಂತಿ: ಗುಬ್ಬಿಯಿಂದ ಮೊದಲ ಬಸ್ಸು ಐದೂವರೆಗೆ. ನನಗೆ ಅಲಾರಂ ಕೇಳಿಸುವುದಿಲ್ಲ. ದಯವಿಟ್ಟು ನಾಲ್ಕೂಮುಕ್ಕಾಲಿಗೆ ಎಬ್ಬಿಸಿ. ‘ಐದು ನಿಮಿಷ’ ಎಂದರೆ ನಂಬಬೇಡಿ, ಹೊದಿಕೆ ಎಳೆದುಬಿಡಿ.